ನಿಂತ ಕಲ್ಲು, ನಿಂತ ಜಾಗ

(ರಿಪ್ಪನ್‌ಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಪ್ರಾಚೀನ ಈಜಿಪ್ಟಿನ ಸಮಾಧಿಗಳ ಸಂಶೋಧನೆಯ ಬಗ್ಗೆ ಮಾತಾಡಬೇಕೆಂದು ಕೇಳಿದಾಗ ನಾನು ಸಂತೋಷದಿಂದ ಒಪ್ಪಿದೆ. ಅದಕ್ಕೆ ಕಾರಣ ನಮ್ಮ ಹೊಸನಗರ ತಾಲ್ಲೂಕಿನಲ್ಲೇ ಇದೆ. ನಗರ ಎಂಬ ಊರಿನ ಆಸುಪಾಸಿನ ಬೈಸೆ ಮತ್ತು ನಿಲಸ್ಕಲ್‌ನಲ್ಲಿ ಆಳೆತ್ತರವನ್ನೂ ಮೀರಿದ ಕಲ್ಲುಗಳು ಎಷ್ಟೋ ಶತಮಾನಗಳಿಂದ ನಿಂತಿವೆ. ಕೆಲವು ವಾಲಿವೆ, ಕೆಲವು ಬಿದ್ದಿವೆ. ಒಂದರ ಮೇಲೂ ಅಕ್ಷರವಿಲ್ಲ. ಅವನ್ನು ಸತ್ತವರಿಗಾಗಿ ನಿಲ್ಲಿಸಿದರೋ ಸೂರ್ಯನಿಗಾಗಿ ನಿಲ್ಲಿಸಿದರೋ ಎಂಬ ವಾದ ಇನ್ನೂ ಮುಗಿದಿಲ್ಲ. ಅದನ್ನು ಮುಗಿಸಲು ಬೇಕಾದ ವಿದ್ಯೆಯ ಬಹುಪಾಲು ಬೆಳೆದದ್ದು ನೈಲ್ ನದಿಯ ದಂಡೆಯ ಸ್ಮಶಾನಗಳಲ್ಲಿ. ಹಾಗಾಗಿ ಅಲ್ಲಿಗೆ ಹೋಗಿಯೇ ಇಲ್ಲಿಗೆ ಬರಬೇಕು.

ಈಜಿಪ್ಟ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ತೂತಾಂಖಾಮನ್‌ನ ಚಿನ್ನದ ಮುಖವಾಡ. ನನ್ನ ದೃಷ್ಟಿಯಲ್ಲಿ ಸಮಾಧಿ ಸಂಶೋಧನೆಯ ನಿಜವಾದ ತಿರುವು ಅದು ಸಿಗುವುದಕ್ಕಿಂತ ಸುಮಾರು ಮೂವತ್ತು ವರ್ಷ ಮೊದಲೇ, ಚಿನ್ನದ ರಾಶಿಯಿಲ್ಲದ ಒಂದು ಮರಳುಗಾಡಿನ ಅಂಚಿನಲ್ಲಿ ಬಂತು. ಫ್ಲಿಂಡರ್ಸ್ ಪೆಟ್ರಿ ಎಂಬ ಇಂಗ್ಲಿಷ್ ವಿದ್ವಾಂಸ 1894-95ರ ಚಳಿಗಾಲದಲ್ಲಿ ನಕಾಡಾ ಎಂಬಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗೋರಿಗಳನ್ನು ಅಗೆಸಿದ. ಅವು ರಾಜರ ಗೋರಿಗಳಲ್ಲ. ಮರಳಿನಲ್ಲಿ ತೋಡಿದ ಗುಂಡಿ, ಅದರಲ್ಲಿ ಮೊಣಕಾಲು ಮಡಿಸಿ ಮಗ್ಗುಲಾಗಿ ಮಲಗಿಸಿದ ದೇಹ, ಸುತ್ತ ಮಡಕೆಗಳು, ಒಂದೆರಡು ಮಣಿ, ಕಣ್ಣಿಗೆ ಹಚ್ಚುವ ಬಣ್ಣ ಅರೆಯಲು ಒಂದು ಕಲ್ಲಿನ ಹಲಗೆ. ಬರಹ ಎಲ್ಲೂ ಇಲ್ಲ. ರಾಜರ ಪಟ್ಟಿ ಹಿಡಿದು ಕಾಲ ಹೇಳುವ ಈಜಿಪ್ಟಿನ ಪಂಡಿತರಿಗೆ ಈ ಗೋರಿಗಳನ್ನು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ.

ಪೆಟ್ರಿ ಮಾಡಿದ ಕೆಲಸವನ್ನು ಇಲ್ಲಿರುವ ಮೇಷ್ಟರುಗಳು ದಯವಿಟ್ಟು ಗಮನಿಸಬೇಕು. ಒಂದೊಂದು ಗೋರಿಗೆ ಒಂದೊಂದು ಕಾಗದದ ಪಟ್ಟಿ ಮಾಡಿದ. ಯಾವ ಯಾವ ಬಗೆಯ ಮಡಕೆ ಒಟ್ಟಿಗೆ ಸಿಕ್ಕಿವೆ ಎಂಬುದನ್ನು ಅದರ ಮೇಲೆ ಬರೆದ. ಮಡಕೆಗಳು ಚೆನ್ನಾಗಿ ಉಳಿದಿದ್ದ ಸುಮಾರು 900 ಗೋರಿಗಳ ಪಟ್ಟಿಗಳನ್ನು ಹಿಂದೆ ಮುಂದೆ ಸರಿಸುತ್ತ, ಒಂದೇ ಬಗೆಯ ಮಡಕೆಗಳು ಹತ್ತಿರ ಹತ್ತಿರ ಬರುವಂತೆ ಜೋಡಿಸಿದ. ದಿಕ್ಕು ತೋರಿಸಿದ್ದು ಅಲೆಯಲೆಯಾದ ಹಿಡಿಯಿದ್ದ ಒಂದು ಜಾತಿಯ ಗಡಿಗೆ. ಮೊದಲಿಗೆ ಗಡಿಗೆ ಗುಂಡಗೆ, ಹಿಡಿ ನಿಜಕ್ಕೂ ಕೈಗೆ ಸಿಗುವಂಥದ್ದು. ಬರಬರುತ್ತ ಗಡಿಗೆ ಸಪೂರವಾಗುತ್ತದೆ, ಹಿಡಿ ಸಣ್ಣದಾಗುತ್ತದೆ. ಕೊನೆಗೆ ಕೊಳವೆಯಂಥ ಪಾತ್ರೆಯ ಕೊರಳಿನ ಕೆಳಗೆ ಒಂದು ಡೊಂಕು ಗೆರೆ ಮಾತ್ರ ಉಳಿಯುತ್ತದೆ. ಹಿಡಿ ಗೆರೆಯಾಗಬಹುದು, ಗೆರೆ ಹಿಡಿಯಾಗುವುದು ಕಷ್ಟ. ಇದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಗೊತ್ತಾಯಿತು. ತನ್ನ ಸರಣಿಗೆ ಅಂಕಿ ಕೊಡುವಾಗ ಅವನು ಒಂದರಿಂದ ಶುರು ಮಾಡದೆ 30ರಿಂದ ಶುರು ಮಾಡಿದ. ಇನ್ನೂ ಹಳೆಯ ಗೋರಿಗಳು ಮುಂದೆ ಸಿಕ್ಕರೆ ಅವಕ್ಕೂ ಜಾಗ ಇರಲಿ ಎಂದು. ಆಮೇಲೆ ಹಳೆಯವು ಸಿಕ್ಕವು. ತನ್ನ ಬಳಿಕ ಬರುವವರಿಗೆ ಜಾಗ ಬಿಟ್ಟ ಆ ನಡೆಯನ್ನು ನಾನು ಬಹಳ ಗೌರವಿಸುತ್ತೇನೆ.

ಇದರಲ್ಲಿ ಅಡಗಿರುವ ತತ್ತ್ವ ಇಷ್ಟು: ಗೋರಿಯಲ್ಲಿ ಸಿಕ್ಕ ವಸ್ತುವಿಗಿಂತ ಅದು ಯಾವುದರ ಜೊತೆ, ಯಾವ ಮಗ್ಗುಲಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಎಂಬುದು ದೊಡ್ಡದು. ವಸ್ತುವನ್ನು ಎತ್ತಿಕೊಂಡು ಹೋದರೆ ಅದು ವಸ್ತುಸಂಗ್ರಹಾಲಯದಲ್ಲಿ ಉಳಿಯಬಹುದು, ಜಾಗದ ಸಾಕ್ಷ್ಯ ಮಾತ್ರ ಶಾಶ್ವತವಾಗಿ ಹೋಗುತ್ತದೆ.

ತೂತಾಂಖಾಮನ್ ಸಮಾಧಿಯನ್ನೂ ಈ ಕಣ್ಣಿನಿಂದ ನೋಡಬೇಕು. 1922ರ ನವೆಂಬರ್ 4ರಂದು ಉತ್ಖನನ ನಡೆಸುತ್ತಿದ್ದ ಹೋವರ್ಡ್ ಕಾರ್ಟರ್‌ನ ಕೆಲಸಗಾರರಿಗೆ ಮೊದಲ ಮೆಟ್ಟಿಲು ಕಂಡಿತು. ಒಳಗಿದ್ದದ್ದನ್ನೆಲ್ಲ ಹೊರತೆಗೆಯಲು ಸುಮಾರು ಹತ್ತು ವರ್ಷ ಹಿಡಿಯಿತು. ಐದು ಸಾವಿರಕ್ಕೂ ಹೆಚ್ಚು ವಸ್ತುಗಳು. ಪ್ರತಿಯೊಂದಕ್ಕೂ ಅಂಕಿ, ಪ್ರತಿಯೊಂದಕ್ಕೂ ಟಿಪ್ಪಣಿ. ಇದ್ದಲ್ಲೇ ಫೋಟೋ ತೆಗೆಯಲು ಹ್ಯಾರಿ ಬರ್ಟನ್, ಕೊಳೆಯದಂತೆ ಕಾಪಾಡಲು ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಲ್ಯೂಕಸ್. ಅವಸರದವರ ಕೈಗೆ ಸಿಕ್ಕಿದ್ದರೆ ಚಿನ್ನ ಉಳಿಯುತ್ತಿತ್ತು, ಹೂವು ಹುಡಿಯಾಗುತ್ತಿತ್ತು. ಶವಪೆಟ್ಟಿಗೆಯ ಒಳಗೆ ಒಣಗಿದ ಹೂವಿನ ಹಾರಗಳಿದ್ದವು. ಅದರಲ್ಲಿನ ಹೂವು, ಹಣ್ಣುಗಳು ಈಜಿಪ್ಟಿನಲ್ಲಿ ಯಾವ ಋತುವಿನಲ್ಲಿ ಬರುತ್ತವೆ ಎಂದು ಲೆಕ್ಕ ಹಾಕಿ, ಆ ಹುಡುಗ ದೊರೆಯನ್ನು ಮಣ್ಣು ಮಾಡಿದ್ದು ಮಾರ್ಚ್ ಮಧ್ಯದಿಂದ ಏಪ್ರಿಲ್ ಕೊನೆಯೊಳಗೆ ಎಂದು ಹೇಳಿದರು. ಮೂರು ಸಾವಿರ ವರ್ಷಕ್ಕೂ ಹಿಂದಿನ ಒಂದು ಸಾವಿನ ಋತುವನ್ನು ಹೇಳಿದ್ದು ಬಾಡಿದ ಹೂವು. ಇತ್ತೀಚೆಗೆ, 2025ರಲ್ಲಿ, ಎರಡನೆಯ ತುತ್‌ಮೋಸ್ ದೊರೆಯ ಸಮಾಧಿ ಗುರುತಾಯಿತು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಒಳಗೆ ಸಂಪತ್ತೇನೂ ಇರಲಿಲ್ಲ. ಹಿಂದೆಯೇ ಪ್ರವಾಹದ ನೀರು ನುಗ್ಗಿ ಹಾಳಾಗಿದ್ದ ಜಾಗ ಅದು. ಆರಂಭದಲ್ಲಿ ಯಾವಳೋ ರಾಣಿಯ ಸಮಾಧಿ ಎಂದುಕೊಂಡಿದ್ದರು. ದೊರೆಯ ಹೆಸರನ್ನು ಹೇಳಿದವು ಒಡೆದ ಅಲಬಾಸ್ಟರ್ ಪಾತ್ರೆಯ ಚೂರುಗಳು.

ಇನ್ನು ನಮ್ಮ ನಾಡಿಗೆ ಬರೋಣ. ಕರ್ನಾಟಕದಲ್ಲಿ ಈ ಬಗೆಯ ಕಣ್ಣು ತೆರೆದವರಲ್ಲಿ ಮೊದಲಿಗರು ಸುರಪುರದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್. ಜೇವರ್ಗಿ, ರಾಜನಕೋಳೂರು ಕಡೆಯ ಕಲ್ಲುಗೋರಿಗಳನ್ನು 1850ರ ಸುಮಾರಿಗೆ ಅಗೆಸಿ, ಮಣ್ಣಿನ ಪದರಗಳು ಕಾಣುವಂತೆ ಸೀಳುಚಿತ್ರ ಬರೆದರು. ಪೆಟ್ರಿ ಆಗಿನ್ನೂ ಹುಟ್ಟಿರಲಿಲ್ಲ. ಯುರೋಪಿನಲ್ಲೇ ಬಹುತೇಕರು ಗೋರಿಗಳನ್ನು ಬಗೆದು ಒಳ್ಳೆಯ ವಸ್ತು ಹೆಕ್ಕಿಕೊಳ್ಳುತ್ತಿದ್ದ ಕಾಲವದು. ನೂರು ವರ್ಷದ ಬಳಿಕ ಮಾರ್ಟಿಮರ್ ವೀಲರ್ ಕೂಡ ಟೇಲರ್‌ನ ಆ ಚಿತ್ರಗಳನ್ನು ಮೆಚ್ಚಿ ಬರೆದರು.

ವೀಲರ್ ಭಾರತೀಯ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದಾಗ, 1947ರಲ್ಲಿ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದರು. ಅಶೋಕನ ಶಾಸನವಿರುವ ಜಾಗ. ಅದಕ್ಕೂ ಮೊದಲು ಮೈಸೂರು ಸಂಸ್ಥಾನದ ಡಾ. ಎಂ.ಎಚ್. ಕೃಷ್ಣ ಅಲ್ಲಿ ಅಗೆಸಿ ದಾರಿ ಹಾಕಿಕೊಟ್ಟಿದ್ದರು. ಬ್ರಹ್ಮಗಿರಿಯ ಕಲ್ಲುಗೋರಿಗಳನ್ನು ಕಟ್ಟಿದ ಬಗೆ ಅಚ್ಚರಿಯದು. ನಾಲ್ಕು ಚಪ್ಪಡಿಗಳನ್ನು ಒಂದು ಇನ್ನೊಂದನ್ನು ಒಳಕ್ಕೆ ಬೀಳದಂತೆ ತಡೆಹಿಡಿಯುವ ಹಾಗೆ ಸ್ವಸ್ತಿಕದ ಆಕಾರಕ್ಕೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ, ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದರು. ಒಳಗೆ ಒಬ್ಬರ ಮೂಳೆಗಳಲ್ಲ, ಹಲವರವು. ದೇಹ ಬೇರೆಲ್ಲೋ ಕಳಿತ ಮೇಲೆ ಮೂಳೆಗಳನ್ನು ಆಯ್ದು ತಂದು ಇಟ್ಟದ್ದು. ಜೊತೆಗೆ ಕಬ್ಬಿಣದ ಸಲಕರಣೆ, ಮಣಿಗಳು, ಒಳಗೆ ಕಪ್ಪು ಹೊರಗೆ ಕೆಂಪಾದ ಮಡಕೆಗಳು.

ಈ ಗೋರಿಗಳ ಕಾಲ ಹೇಳಲು ವೀಲರ್ ಹಿಡಿದ ದಾರಿಯೂ ಮಡಕೆಯ ದಾರಿಯೇ. ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ರೋಮಿನ ವ್ಯಾಪಾರದ ಮಾಲಿನ ಜೊತೆ ಒಂದು ವಿಶಿಷ್ಟ ಮಡಕೆ ಸಿಕ್ಕಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ನಾಣ್ಯ ಸಿಕ್ಕಿತ್ತು. ಆ ಕೊಂಡಿಗಳನ್ನು ಒಂದಕ್ಕೊಂದು ಸಿಕ್ಕಿಸಿ ಬ್ರಹ್ಮಗಿರಿಯ ಊರಿನ ಪದರಗಳಿಗೆ ತಂದು, ಅಲ್ಲಿಂದ ಗೋರಿಗಳಿಗೆ ಬಂದರು. ಸತ್ತವರ ಜಾಗವನ್ನೂ ಬದುಕಿದವರ ಜಾಗವನ್ನೂ ಒಂದೇ ಲೆಕ್ಕದಲ್ಲಿ ಓದಿದ್ದು ಅವರ ಹಿರಿಮೆ. ಅವರು ಹೇಳಿದ ಕಾಲ ಮಾತ್ರ ನಿಲ್ಲಲಿಲ್ಲ. ಗೋರಿಗಳನ್ನು ಕ್ರಿ.ಪೂ. 200ರ ಈಚೆಗೆ ಎಳೆದಿದ್ದರು. 1965ರಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಹಿರೇಕೆರೂರು ಸೀಮೆಯ ಹಳ್ಳೂರಿನಲ್ಲಿ ಅಗೆಸಿದಾಗ ಸಿಕ್ಕ ಇದ್ದಿಲಿನ ಪರೀಕ್ಷೆ, ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಸುಮಾರಿಗೆ ಒಯ್ದಿತು. ನಮ್ಮ ತುಂಗೆ, ಭದ್ರೆಯನ್ನು ಕೂಡಿಕೊಂಡು ಮುಂದೆ ಹರಿಯುವ ಹೊಳೆಯ ದಂಡೆಯಲ್ಲೇ ಆ ಊರಿದೆ ಎಂಬುದನ್ನು ಮರೆಯಬಾರದು.

ಇಲ್ಲಿ ಒಂದು ಸಾಮ್ಯವನ್ನು ಒತ್ತಿ ಹೇಳಬೇಕು. ಪೆಟ್ರಿ ನಕಾಡಾದ ಗೋರಿಗಳನ್ನು ಕಂಡಾಗ, ಇವು ಈಜಿಪ್ಟಿನವರವು ಆಗಿರಲಾರವು, ಹೊರಗಿನಿಂದ ನುಗ್ಗಿ ಬಂದ ಹೊಸ ಜನಾಂಗದವು ಎಂದು ಬರೆದ. ಫ್ರೆಂಚ್ ವಿದ್ವಾಂಸ ಜಾಕ್ ದ ಮೋರ್ಗನ್ ಬೇಗನೆ ತೋರಿಸಿಕೊಟ್ಟರು: ಅವು ಫೇರೋಗಳಿಗೂ ಮೊದಲಿನ ಈಜಿಪ್ಟಿನವರವೇ. ನಮ್ಮಲ್ಲೂ ಹೀಗೇ ಆಯಿತು. ದೊಡ್ಡ ಕಲ್ಲಿನ ಗೋರಿ ಕಟ್ಟಿದವರು ಕಬ್ಬಿಣ ಹಿಡಿದು ಹೊರಗಿನಿಂದ ಬಂದವರು ಎಂಬ ನಂಬಿಕೆ ಬಹಳ ಕಾಲ ನಡೆಯಿತು. ದ್ರಾವಿಡ ಭಾಷೆಗಳನ್ನೇ ಅವರು ತಂದರು ಎಂದು ವಾದಿಸಿದವರೂ ಇದ್ದರು. ಆಮೇಲಾಮೇಲೆ ಹೊಸ ಶಿಲಾಯುಗದ ಊರುಗಳಲ್ಲೇ ಹೂಳುವ ಪದ್ಧತಿಗಳು, ಮಕ್ಕಳನ್ನು ಗಡಿಗೆಯಲ್ಲಿಟ್ಟು ಮಣ್ಣು ಮಾಡಿದ್ದು, ಎಲ್ಲ ಬೆಳಕಿಗೆ ಬಂದಂತೆ ಹಳೆಯದರಿಂದಲೇ ಹೊಸದು ಬೆಳೆದ ಬಗೆ ಕಾಣತೊಡಗಿತು. ಸಾವಿನ ಪದ್ಧತಿ ಬದಲಾದರೆ ಜನವೇ ಬದಲಾದರು ಎನ್ನುವ ಅವಸರ ಎರಡು ಖಂಡಗಳಲ್ಲೂ ತಪ್ಪು ದಾರಿ ಹಿಡಿಸಿತು.

ಇನ್ನೊಂದು ಬಗೆಯ ಅವಸರವೂ ಉಂಟು, ಎಲ್ಲವನ್ನೂ ಈಜಿಪ್ಟಿಗೆ ನಂಟು ಮಾಡುವ ಅವಸರ. ಕಪ್ಪು-ಕೆಂಪು ಮಡಕೆ ನಕಾಡಾದಲ್ಲೂ ಇದೆ, ಬ್ರಹ್ಮಗಿರಿಯಲ್ಲೂ ಇದೆ. ಟಿ. ನರಸೀಪುರ ಮತ್ತು ಹಳ್ಳೂರಿನಲ್ಲಿ ಸುಟ್ಟ ಮಣ್ಣಿನ ತಲೆಯಾನಿಕೆಗಳು ಸಿಕ್ಕಿವೆ. ತೂತಾಂಖಾಮನ್ ಸಮಾಧಿಯಲ್ಲೂ ದಂತದ ತಲೆಯಾನಿಕೆ ಇತ್ತು. ನೋಡಿದೊಡನೆ ಮನಸ್ಸು ಹಡಗು ಹತ್ತುತ್ತದೆ. ಆದರೆ ಮಡಕೆಯನ್ನು ಬೋರಲು ಹಾಕಿ, ಗಾಳಿ ತಾಗದ ಕಡೆ ಕಪ್ಪಾಗುವಂತೆ ಸುಡುವುದನ್ನು ಎರಡು ನಾಡಿನ ಕುಂಬಾರರು ತಾವು ತಾವೇ ಕಂಡುಕೊಂಡಿರಬಹುದು. ಎರಡರ ನಡುವೆ ಎರಡು ಸಾವಿರ ವರ್ಷಕ್ಕೂ ಹೆಚ್ಚಿನ ಅಂತರವಿದೆ. ನಂಟಿಗೆ ಗಟ್ಟಿ ಸಾಕ್ಷ್ಯ ಬೇಕೆಂದರೆ ಅದು ನಮ್ಮ ತೋಟದಲ್ಲೇ ಇದೆ, ಕಾಳುಮೆಣಸು. ಕ್ರಿ.ಪೂ. 1213ರಲ್ಲಿ ತೀರಿಕೊಂಡ ಎರಡನೆಯ ರಾಮೆಸಿಸ್‌ನ ಮಮ್ಮಿಯ ಮೂಗಿನಲ್ಲಿ ಮೆಣಸಿನ ಕಾಳುಗಳಿದ್ದವು. ಆ ಮಮ್ಮಿಯನ್ನು 1976ರಲ್ಲಿ ಪ್ಯಾರಿಸ್ಸಿಗೆ ಒಯ್ದು ವಿವರವಾಗಿ ಪರೀಕ್ಷಿಸಿದರು. ಮೆಣಸಿನ ಬಳ್ಳಿಯ ಹುಟ್ಟುನೆಲ ಪಶ್ಚಿಮ ಘಟ್ಟ. ಮುಂದೆ ರೋಮಿನವರ ಕಾಲಕ್ಕೆ ಕೆಂಪು ಸಮುದ್ರದ ಬೆರೆನಿಕೆ ಬಂದರಿನ ಗುಡಿಯೊಂದರಲ್ಲಿ ಭಾರತದ ಹರವಿಯೊಳಗೆ ಏಳೂವರೆ ಕಿಲೋ ಮೆಣಸು ಹಾಗೇ ಉಳಿದಿತ್ತು. ನಮ್ಮ ಬೆಟ್ಟಸಾಲಿನ ಒಂದು ಬೆಳೆ ಫೇರೋನ ದೇಹದೊಳಗೆ ಹೋಗಿ ಸೇರಿದ್ದು ಪುರಾತತ್ತ್ವ ಕೊಟ್ಟ ದೊಡ್ಡ ಸೋಜಿಗಗಳಲ್ಲಿ ಒಂದು.

ಆ ಕಾಳು ಅಲ್ಲಿ ಮೂರು ಸಾವಿರ ವರ್ಷ ಉಳಿಯಿತು. ಇಲ್ಲಿ ಮಲೆನಾಡಿನಲ್ಲಿ ಮೂಳೆಯೇ ಉಳಿಯುವುದಿಲ್ಲ. ಈಜಿಪ್ಟಿನ ಲಕ್ಸರ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಕೆಲವೇ ಮಿಲಿಮೀಟರ್. ನಮ್ಮ ಹುಲಿಕಲ್, ಮಾಸ್ತಿಕಟ್ಟೆಗಳಲ್ಲಿ ಒಂದು ಮಳೆಗಾಲದ ಲೆಕ್ಕ ಏನೆಂದು ನಿಮಗೆ ನಾನು ಹೇಳಬೇಕಿಲ್ಲ. ಇಷ್ಟು ಮಳೆಗೆ ಮಣ್ಣಿನ ಸುಣ್ಣವೆಲ್ಲ ತೊಳೆದುಹೋಗಿ ಅದು ಹುಳಿಯಾಗುತ್ತದೆ. ಹುಳಿಮಣ್ಣು ಮೂಳೆಯನ್ನು ಕರಗಿಸುತ್ತದೆ. ಆದ್ದರಿಂದ ಮಲೆನಾಡಿನ ನಿಲುಗಲ್ಲಿನ ಬುಡದಲ್ಲಿ ಮೂಳೆ ಕಾಣಲಿಲ್ಲವೆಂದ ಮಾತ್ರಕ್ಕೆ ಅಲ್ಲಿ ಯಾರನ್ನೂ ಹೂಳಿರಲಿಲ್ಲ ಎನ್ನಲಾಗದು. ಹೂಳಿದ್ದರು ಎನ್ನಲೂ ಆಗದು. ಉಳಿಯುವುದು ಕಲ್ಲು, ಮತ್ತು ಕಲ್ಲು ನಿಂತ ರೀತಿ.

ಆ ರೀತಿಯನ್ನು ಅಳೆಯುವ ಕೆಲಸ ನಮ್ಮ ತಾಲ್ಲೂಕಿನಲ್ಲಿ ನಡೆದಿದೆ. ಬೈಸೆಯ ಕಲ್ಲುಗಳಿರುವ ಜಾಗವನ್ನು ಊರವರು ನಿಲಸ್ಕಲ್ ಬ್ಯಾಣ, ಅಂದರೆ ನಿಲುಗಲ್ಲಿನ ಹುಲ್ಲುಬಯಲು, ಎನ್ನುತ್ತಾರೆ. ಇಂಥ ಕಲ್ಲುಗಳನ್ನು ವಿದ್ವಾಂಸರು ಮೊದಲು ಗೋರಿಯ ಗುರುತು ಅಥವಾ ಸತ್ತವರ ನೆನಪಿನ ಕಲ್ಲು, ಅಲ್ಲೊಂದು ಇಲ್ಲೊಂದು ಕ್ರಮವಿಲ್ಲದೆ ನೆಟ್ಟವು ಎಂದೇ ಭಾವಿಸಿದ್ದರು. ಮಣಿಪಾಲದಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದ ಶ್ರೀಕುಮಾರ್ ಮೆನನ್ ಮತ್ತು ಕೈಲಾಸ್ ರಾವ್, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಖಗೋಳ ವಿಜ್ಞಾನಿ ಮಯಾಂಕ್ ವಾಹಿಯಾ ಇವರು ಸೇರಿ ಒಂದೊಂದು ಕಲ್ಲಿನ ಸ್ಥಾನವನ್ನೂ ಅಳೆದು ನಕ್ಷೆ ಮಾಡಿದರು. ಆಗ ಎರಡು ಸಂಗತಿ ಕಂಡವು. ಕಲ್ಲುಗಳು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಆ ಅಗಲದ ಮೈ ಬಹುಮಟ್ಟಿಗೆ ಉತ್ತರ-ದಕ್ಷಿಣಕ್ಕೆ ಹಿಡಿದು ನಿಂತಿದೆ. ಜೊತೆಗೆ, ಕೆಲವು ಜೋಡಿ ಕಲ್ಲುಗಳನ್ನು ಸೇರಿಸಿ ಗೆರೆ ಎಳೆದರೆ ಅದು ಅಯನ ಸಂಕ್ರಮಣಗಳಂದು, ಅಂದರೆ ಉತ್ತರ ಇಲ್ಲವೇ ದಕ್ಷಿಣದ ತುದಿ ಮುಟ್ಟುವ ದಿನಗಳಂದು, ಸೂರ್ಯ ಹುಟ್ಟುವ ಅಥವಾ ಮುಳುಗುವ ದಿಕ್ಕಿಗೆ ಹೋಗುತ್ತದೆ. ಹೀಗೆ ಇವು ಸೂರ್ಯನ ಚಲನೆ ನೋಡಲು ಬೇಕೆಂದೇ ನೆಟ್ಟ ಕಲ್ಲುಗಳು ಎಂಬ ವಾದವನ್ನು ಮುಂದಿಟ್ಟರು.

ಈ ವಾದದ ಬಗ್ಗೆ ಮಲೆನಾಡಿನವನಾಗಿ ನನಗೊಂದು ಪ್ರಶ್ನೆ ಇದೆ. ಜೂನ್ 21ರ ಹೊತ್ತಿಗೆ ಸೂರ್ಯ ಉತ್ತರದ ತುದಿ ಮುಟ್ಟುತ್ತಾನೆ. ನಮ್ಮಲ್ಲಿ ಆಗ ಆರಿದ್ರಾ ಮಳೆ ಹಿಡಿದಿರುತ್ತದೆ. ನಗರದ ಕಡೆ ಆ ವಾರ ಸೂರ್ಯೋದಯ ಕಣ್ಣಿಗೆ ಬೀಳುವುದೇ ಅಪರೂಪ. ಕಾಣದ ಸೂರ್ಯನಿಗೆ ಇಷ್ಟು ಕಷ್ಟಪಟ್ಟು ಕಲ್ಲು ನೆಡುತ್ತಾರೆಯೇ? ಯೋಚಿಸಿದರೆ ಉತ್ತರವೂ ಇದರಲ್ಲೇ ಇರಬಹುದು. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹುಟ್ಟುವ ಜಾಗ ಪೂರ್ವದಿಂದ ಸುಮಾರು 24 ಡಿಗ್ರಿಯವರೆಗೆ ಉತ್ತರಕ್ಕೆ ಸರಿಯುತ್ತದೆ. ಮೇ ತಿಂಗಳ ಕೊನೆಗೆ, ಆಕಾಶ ಇನ್ನೂ ಅಷ್ಟಿಷ್ಟು ತೆರೆದಿರುವಾಗಲೇ, ಅದು ತುದಿಗೆ ಎರಡು ಡಿಗ್ರಿಗಿಂತ ಕಡಿಮೆ ದೂರಕ್ಕೆ ಬಂದಿರುತ್ತದೆ. ಸೂರ್ಯ ಆ ಕಲ್ಲಿನ ಹತ್ತಿರ ಬಂದ, ಇನ್ನು ಮಳೆ ಹಿಡಿಯುತ್ತದೆ, ಬೀಜ ಹೊರಗೆ ತೆಗೆಯಿರಿ ಎಂದು ಹೇಳಲು ಅಷ್ಟು ಸಾಕು. ಇದು ನನ್ನ ಊಹೆ, ಪರೀಕ್ಷೆಗೆ ಒಡ್ಡಬೇಕಾದ ಊಹೆ. ಚಳಿಗಾಲದ ಸಂಕ್ರಮಣಕ್ಕೆ ಈ ತೊಡಕಿಲ್ಲ. ಡಿಸೆಂಬರ್ 21-22ರ ಬೆಳಗಿನ ಇಬ್ಬನಿ ಕರಗಿದರೆ ಆಕಾಶ ಶುಭ್ರ.

ಹಾಗಾದರೆ ಗೋರಿಯೋ, ಪಂಚಾಂಗವೋ? ಈ ಎರಡರಲ್ಲಿ ಒಂದನ್ನೇ ಆರಿಸಬೇಕೆಂದು ನನಗನ್ನಿಸುವುದಿಲ್ಲ. ಗೀಜಾದ ಖುಫುವಿನ ಪಿರಮಿಡ್ ಒಂದು ಸಮಾಧಿ. ಅದರ ಬದಿಗಳು ನಾಲ್ಕು ದಿಕ್ಕುಗಳಿಗೆ ಒಂದು ಡಿಗ್ರಿಯ ಹದಿನೈದನೆಯ ಒಂದು ಭಾಗಕ್ಕಿಂತ ಹೆಚ್ಚು ತಪ್ಪದಂತೆ ಕೂತಿವೆ. ಆಕಾಶ ನೋಡದೆ ಅದನ್ನು ಕಟ್ಟಲು ಬರುವುದಿಲ್ಲ. ಬ್ರಹ್ಮಗಿರಿಯವರು ಗೋರಿಯ ಕಿಂಡಿಯನ್ನು ಪೂರ್ವಕ್ಕೆ ತೆರೆದರು. ಸತ್ತವರನ್ನು ಆಕಾಶದ ಲೆಕ್ಕಕ್ಕೆ ಜೋಡಿಸಿ ಮಲಗಿಸುವುದು ಮನುಷ್ಯರು ಅನೇಕ ಕಡೆ ಮಾಡಿದ ಕೆಲಸ. ನಿಲಸ್ಕಲ್‌ನ ಜನ ಎರಡನ್ನೂ ಒಂದೇ ಬಯಲಿನಲ್ಲಿ ಮಾಡಿರಬಾರದೇಕೆ?

ಇದನ್ನು ತಿಳಿಯುವ ಉಪಾಯಗಳು ಈಗ ನಮ್ಮ ಕೈಯಲ್ಲಿವೆ. ಮೂಳೆ ಕರಗಿದರೂ ಅದರ ರಂಜಕದ ಅಂಶ ಮಣ್ಣಿನಲ್ಲಿ ಸುತ್ತಲಿಗಿಂತ ಹೆಚ್ಚಾಗಿ ಉಳಿದಿರಬಹುದು, ಅದನ್ನು ಅಳೆಯಬಹುದು. ಕಲ್ಲಿನ ಬುಡದ ಮರಳಿನ ಕಣಗಳು ಕೊನೆಯ ಸಲ ಬೆಳಕು ಕಂಡದ್ದು ಯಾವಾಗ ಎಂದು ಲೆಕ್ಕ ಹಾಕುವ ವಿಧಾನವಿದೆ, ಅದರಿಂದ ಕಲ್ಲು ನೆಟ್ಟ ಕಾಲ ತಿಳಿಯಬಹುದು. ಆದರೆ ಇವೆಲ್ಲಕ್ಕೂ ಒಂದೇ ಷರತ್ತು. ಬುಡದ ಮಣ್ಣನ್ನು ಯಾರೂ ಕೆದಕಿರಬಾರದು, ಕಲ್ಲನ್ನು ಯಾರೂ ಅಲುಗಿಸಿರಬಾರದು. ಗೇಣುದ್ದ ಸರಿದ ಕಲ್ಲು ಸೂರ್ಯನ ಗೆರೆಯನ್ನು ಕಳೆದುಕೊಳ್ಳುತ್ತದೆ.

ಹಳೆಯ ಕಲ್ಲಿನ ಕೆಳಗೆ ನಿಧಿ ಇದೆ ಎಂಬ ನಂಬಿಕೆ ಮಲೆನಾಡಿನಲ್ಲಿ ಎಷ್ಟು ಬಲವಾಗಿದೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ವೀರಗಲ್ಲಿನ ಬುಡ, ಪಾಳು ದೇವಸ್ಥಾನದ ಪೀಠ, ಯಾವುದನ್ನೂ ಬಿಟ್ಟಿಲ್ಲ. ಈ ಹಸಿವು ಹೊಸದಲ್ಲ. ಒಂಬತ್ತನೆಯ ರಾಮೆಸಿಸ್‌ನ ಆಳ್ವಿಕೆಯ ಹದಿನಾರನೆಯ ವರ್ಷದಲ್ಲಿ ಸಿಕ್ಕಿಬಿದ್ದ ಕಲ್ಲುಕುಟಿಗನೊಬ್ಬ ತಾನೂ ಜೊತೆಗಾರರೂ ಸೇರಿ ದೊರೆ-ರಾಣಿಯರ ಸಮಾಧಿ ಒಡೆದು, ಚಿನ್ನ ಸುಲಿದು, ಪೆಟ್ಟಿಗೆಗಳಿಗೆ ಬೆಂಕಿಯಿಟ್ಟದ್ದನ್ನು ಒಪ್ಪಿಕೊಂಡ ಹೇಳಿಕೆ ಪಪೈರಸ್‌ನಲ್ಲಿ ಉಳಿದಿದೆ. ಅಲ್ಲಿ ಕೊನೆಪಕ್ಷ ಚಿನ್ನವಿತ್ತು. ನಿಲುಗಲ್ಲಿನ ಬುಡದಲ್ಲಿ ನಿಧಿಗಳ್ಳನಿಗೆ ಸಿಗುವುದು ಮಣ್ಣು, ಹೆಚ್ಚೆಂದರೆ ಚೂರಾದ ಮಡಕೆ. ಅವನು ಎಸೆದುಹೋಗುವ ಆ ಚೂರೇ ನಮಗೆ ಬೇಕಾದದ್ದು. ಕಾನೂನೂ ಸ್ಪಷ್ಟವಾಗಿದೆ: ನೆಲದಲ್ಲಿ ಅಡಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಹೊಂಬುಜದ ನಿಷಿಧಿ ಕಲ್ಲುಗಳನ್ನು ನೀವೆಲ್ಲ ನೋಡಿದ್ದೀರಿ. ಸಲ್ಲೇಖನ ವ್ರತದಿಂದ ಮಡಿದವರ ಹೆಸರು, ಗುರುಗಳ ಹೆಸರು, ತಿಥಿ ಎಲ್ಲವನ್ನೂ ಅಂಥ ಕಲ್ಲುಗಳ ಮೇಲೆ ಕೊರೆಸುತ್ತಿದ್ದರು. ಅವನ್ನು ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳು ನೂರು ವರ್ಷಕ್ಕೂ ಹಿಂದೆಯೇ ದಾಖಲೆಗೆ ತಂದವು. ಇಂದು ಕಲ್ಲೊಂದು ಕಳೆದರೂ ಪಾಠ ಉಳಿದಿರುತ್ತದೆ. ಬರಹವಿಲ್ಲದ ನಿಲುಗಲ್ಲಿಗೆ ಆ ರಕ್ಷಣೆಯಿಲ್ಲ. ಅದರ ಪಾಠವೆಂದರೆ ಅದು ನಿಂತ ಜಾಗ ಮತ್ತು ನಿಂತ ದಿಕ್ಕು. ತೋಟಕ್ಕೆ ಜಾಗ ಮಾಡಲು ಜೆಸಿಬಿಯಲ್ಲಿ ಎತ್ತಿ ಬೇಲಿಯ ಬದಿಗಿಟ್ಟರೆ ಕಲ್ಲು ಸುರಕ್ಷಿತವಾಗಿಯೇ ಇರುತ್ತದೆ, ಓದಲು ಏನೂ ಉಳಿದಿರುವುದಿಲ್ಲ.

ಆದ್ದರಿಂದ ಈ ದತ್ತಿಯ ವೇದಿಕೆಯಿಂದ ಒಂದು ಕೆಲಸವನ್ನು ಕೇಳಿಕೊಳ್ಳುತ್ತೇನೆ. ನಮ್ಮ ಮೂರು ತಾಲ್ಲೂಕುಗಳ, ಅಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಪ್ರೌಢಶಾಲೆ, ಕಾಲೇಜುಗಳು ತಮ್ಮ ಸುತ್ತಲಿನ ಬ್ಯಾಣ, ಕಾನು, ಸೊಪ್ಪಿನ ಬೆಟ್ಟಗಳಲ್ಲಿ ನಿಂತಿರುವ, ಬಿದ್ದಿರುವ ಇಂಥ ಕಲ್ಲುಗಳ ಪಟ್ಟಿ ಮಾಡಲಿ. ಕಲ್ಲಿಗೊಂದು ಹಾಳೆ: ಊರು, ಸರ್ವೆ ನಂಬರು, ಮೊಬೈಲಿನಲ್ಲಿ ಸಿಗುವ ಅಕ್ಷಾಂಶ-ರೇಖಾಂಶ, ಎತ್ತರ, ಅಗಲ, ದಪ್ಪ, ಅಗಲದ ಮೈ ಯಾವ ದಿಕ್ಕಿಗಿದೆ, ಅಳತೆಗೋಲು ಪಕ್ಕಕ್ಕಿಟ್ಟು ನಾಲ್ಕು ಬದಿಯ ಫೋಟೋ, ಊರ ಹಿರಿಯರು ಅದನ್ನು ಏನೆಂದು ಕರೆಯುತ್ತಾರೆ. ಸುಣ್ಣ ಬಳಿಯುವುದು ಬೇಡ, ನಂಬರು ಕೊರೆಯುವುದು ಬೇಡ, ಬುಡ ಕೆದಕುವುದಂತೂ ಬೇಡವೇ ಬೇಡ. ಹಾಳೆಯ ಒಂದು ಪ್ರತಿ ಶಾಲೆಯಲ್ಲಿರಲಿ, ಒಂದು ಪ್ರತಿ ಪುರಾತತ್ತ್ವ ಇಲಾಖೆಗೆ ಹೋಗಲಿ. ಪೆಟ್ರಿ ತನ್ನ ಅಂಕಿಗಳ ಮೊದಲಿಗೆ ಜಾಗ ಬಿಟ್ಟಂತೆ, ಪಟ್ಟಿಯ ಕೊನೆಯಲ್ಲಿ ಇನ್ನೂ ಸಿಗಬೇಕಾದ ಕಲ್ಲುಗಳಿಗೆ ಖಾಲಿ ಹಾಳೆಗಳಿರಲಿ. ಮೊದಲ ತಂಡ ಬರುವ ಡಿಸೆಂಬರ್‌ನ ಸಂಕ್ರಮಣದ ಬೆಳಿಗ್ಗೆ ಬೈಸೆಗೆ ಹೋಗಲಿ, ಸೂರ್ಯ ಹುಟ್ಟುವ ಮೊದಲೇ ತಲುಪಲಿ, ಯಾವ ಕಲ್ಲಿನ ಬಳಿ ನಿಂತರೆ ಯಾವ ಕಲ್ಲಿನ ನೇರಕ್ಕೆ ಅವನು ಮೂಡುತ್ತಾನೆ ಎಂಬುದನ್ನು ತಾವೇ ಕಂಡು ಬರೆದುಕೊಂಡು ಬರಲಿ.